ಇಬ್ಬರೇ ಓಡಿದ ಓಟದಲ್ಲಿ ಬೆಳ್ಳಿ ಪದಕ

ನಾನಿರುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ನಲ್ಲಿ. ಊರಿನಿಂದ ಸ್ವಲ್ಪ ಆಚೆ ಹೋದರೆ ಸಾಕು, ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ದಾವಣಗೆರೆಯವನಿಗೆ ಇದೇನು ಹೊಸದಲ್ಲ. ಇಲ್ಲಿನವರು ತಮ್ಮನ್ನು ‘ಕಾರ್ನ್‌ಹಸ್ಕರ್’ ಅಂತ ಕರೆದುಕೊಳ್ಳುತ್ತಾರೆ, ಅಂದರೆ ಜೋಳದ ತೆನೆ ಸುಲಿಯುವವರು. ರಾಜ್ಯದ ಕ್ರೀಡಾಕೂಟಕ್ಕೂ ಅದೇ ಹೆಸರು: ಕಾರ್ನ್‌ಹಸ್ಕರ್ ಸ್ಟೇಟ್ ಗೇಮ್ಸ್. 1985ರಲ್ಲಿ ಶುರುವಾಗಿದ್ದು. ನಡೆಸುವುದು ಸರ್ಕಾರ ಅಲ್ಲ, ಲಾಭಕ್ಕೆ ಕೂರದ ಒಂದು ಸಂಸ್ಥೆ, ನೆಬ್ರಾಸ್ಕಾ ಸ್ಪೋರ್ಟ್ಸ್ ಕೌನ್ಸಿಲ್. ಆಟಗಾರರ ಪ್ರವೇಶ ಶುಲ್ಕ, ಪ್ರಾಯೋಜಕರ ದುಡ್ಡು, ಸಂಬಳ ಇಲ್ಲದೆ ದುಡಿಯುವ ಸ್ವಯಂಸೇವಕರು, ಇಷ್ಟರ ಮೇಲೆ ನಡೆಯುತ್ತದೆ.

ಆಯ್ಕೆ ಗೀಯ್ಕೆ ಏನೂ ಇಲ್ಲ. ಹೆಸರು ಬರೆಸಿದರೆ ಮುಗೀತು. ಐವತ್ತು ದಾಟಿದ ನಾನೂ ಒಂದು ಜುಲೈನಲ್ಲಿ 800 ಮೀಟರ್ ಓಡಿದೆ. ಬೆಳ್ಳಿ ಪದಕ ಬಂತು! ಫೋನಿನಲ್ಲಿ ಅಣ್ಣನಿಗೆ ತೋರಿಸಿದರೆ ಅವನ ಮೊದಲ ಪ್ರಶ್ನೆ, “ಎಷ್ಟು ಮಂದಿ ಓಡಿದ್ರಿ?”

ನನ್ನ ವಯಸ್ಸಿನ ಗುಂಪಿನಲ್ಲಿ ಇಬ್ಬರೇ ಇದ್ದೆವು. ಅಣ್ಣ ಐದು ನಿಮಿಷ ನಕ್ಕ.

ನಗಲಿ ಬಿಡಿ. ಅದಕ್ಕೂ ಮುಂಚೆ ನಾನು ಕೊನೇ ಸಲ ಓಡಿದ್ದು ಹೈಸ್ಕೂಲಿನಲ್ಲಿ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ. ಹೊಸ ಜಿಲ್ಲೆ ಆಗಿದ್ದು 1997ರಲ್ಲಿ. ಹೋಬಳಿ ಮಟ್ಟದಲ್ಲಿ ಎರಡನೆಯವನಾಗಿ ಗೆದ್ದು ತಾಲ್ಲೂಕಿಗೆ ಹೋದೆ. ಸುಣ್ಣದ ಗೆರೆ ಅರ್ಧ ಅಳಿಸಿಹೋಗಿತ್ತು, ಬರಿಗಾಲಲ್ಲಿ ಓಡಿ ನಾಲ್ಕನೆಯವನಾದೆ. ಪಿ.ಟಿ. ಮೇಷ್ಟ್ರು ಬೆನ್ನು ತಟ್ಟಿ, “ಆಯ್ತು, ಇನ್ನು ಓದ್ಕೋ ಹೋಗು” ಅಂದರು. ಅಲ್ಲಿಗೆ ನನ್ನ ಓಟ ಮುಗಿಯಿತು.

ನಮ್ಮ ಕಡೆ ಆಟ ಅಂದರೆ ಏಣಿ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಮೇಲೆ ಹತ್ತಿದವರು ಹತ್ತಿದರು, ಜಾರಿದವರು ನೋಡುವವರಾದರು. ದಸರಾ ಕ್ರೀಡಾಕೂಟದ್ದೂ ಇದೇ ಲೆಕ್ಕ. ದೊಡ್ಡವರಾದ ಮೇಲೆ ಓಡಬೇಕು ಅಂದರೆ ಸರ್ಕಾರಿ ನೌಕರಿ ಇರಬೇಕು, ಅವರಿಗಾದರೆ ನೌಕರರ ಕ್ರೀಡಾಕೂಟ ಇದೆ. ಮಂಡಕ್ಕಿ ಭಟ್ಟಿಯವನು, ಅಂಗಡಿಯವನು, ಮನೆ ನೋಡಿಕೊಳ್ಳುವ ಹೆಂಗಸು ಎಲ್ಲಿ ಓಡಬೇಕು? ವಯಸ್ಸಾದವರಿಗೆ ಮಾಸ್ಟರ್ಸ್ ಅಥ್ಲೆಟಿಕ್ಸ್ ಅಂತ ಒಂದಿದೆ, ನಿಜ. ನನ್ನ ಅಣ್ಣನಿಗೆ ಅದು ಗೊತ್ತಾಗಿದ್ದು ನಾನು ಅಮೆರಿಕದಿಂದ ಹೇಳಿದ ಮೇಲೆ!

ಹಾಗಂತ ಇಲ್ಲಿನದೇ ಚೆನ್ನ ಅನ್ನಲಾರೆ. ಇಲ್ಲಿ ನನ್ನ ಓಟ ನೋಡಿದ್ದು ಹೆಂಡತಿ, ಮಗಳು, ಮತ್ತೆ ಗಡಿಯಾರ ಹಿಡಿದ ಒಬ್ಬ ಅಜ್ಜ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಕುಸ್ತಿ ಕಣದ ಸುತ್ತ ನಿಲ್ಲಲು ಜಾಗ ಸಿಗಲ್ಲ. ಹಲಗೆ ಸದ್ದು, ಮಣ್ಣು ತೂರಿಕೊಂಡು ಎದ್ದ ಪೈಲ್ವಾನ, “ಹಾಕಲೇ ಪಟ್ಟು” ಅನ್ನುವ ಮುದುಕರು. ಆ ಕಳೆ ಲಿಂಕನ್‌ನ ಟ್ರ್ಯಾಕಿಗೆ ಎಲ್ಲಿಂದ ಬರಬೇಕು? ಇನ್ನೊಂದು ಮಾತು. ಇಲ್ಲಿ ಓಡೋಕೂ ದುಡ್ಡು ಕಟ್ಟಬೇಕು. ನಮ್ಮ ಹೋಬಳಿ ಕೂಟಕ್ಕೆ ದುಡ್ಡು ಕೇಳಿದ್ದರೆ ನನ್ನ ಜೊತೆ ಓಡಿದ ಅರ್ಧ ಹುಡುಗರು ಬರುತ್ತಲೇ ಇರಲಿಲ್ಲ.

ಆದರೆ ಎಲ್ಲವನ್ನೂ ಸರ್ಕಾರವೇ ಮಾಡಲಿ ಅಂತ ಕೂತರೂ ಕಷ್ಟ. ನ್ಯೂಯಾರ್ಕ್ ರಾಜ್ಯದಲ್ಲೂ ಇಂಥದ್ದೇ ಒಂದು ಕೂಟ, ಎಂಪೈರ್ ಸ್ಟೇಟ್ ಗೇಮ್ಸ್, 1978ರಲ್ಲೇ ಶುರುವಾಗಿತ್ತು. ನಂಬಿಕೊಂಡಿದ್ದು ರಾಜ್ಯದ ಖಜಾನೆಯನ್ನು. 2009ರಲ್ಲಿ ದುಡ್ಡಿಲ್ಲ ಅಂತ ಬೇಸಿಗೆ ಕೂಟ ರದ್ದಾಯಿತು, ಆಮೇಲೆ ಹೆಚ್ಚು ದಿನ ಉಳಿಯಲೂ ಇಲ್ಲ.

ಮಕ್ಕಳ ಏಣಿ ಹಾಗೇ ಇರಲಿ, ಬಿಟ್ಟಿಯಾಗಿಯೇ ಇರಲಿ. ಪಕ್ಕದಲ್ಲಿ ದೊಡ್ಡವರಿಗೊಂದು ಬಾಗಿಲು ತೆಗೆಯಲಿ ಅನ್ನೋದಷ್ಟೇ ನನ್ನ ಆಸೆ. ನಮ್ಮೂರಲ್ಲಿ ರಾತ್ರಿ ಲೈಟ್ ಹಾಕಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನಡೆಸುವವರಿದ್ದಾರೆ, ದುಡ್ಡು ಹೊಂದಿಸುವುದು ಅವರಿಗೆ ಯಾರೂ ಕಲಿಸಬೇಕಿಲ್ಲ. ಅದರಲ್ಲಿ ಎರಡು ದಿನ ಓಟ, ಗುಂಡು ಎಸೆತ, ಹಗ್ಗಜಗ್ಗಾಟ ಇಟ್ಟರೆ ಸಾಕು.

ಮೊನ್ನೆ ಅಣ್ಣನಿಗೆ ಇದನ್ನೇ ಹೇಳಿದೆ. ಈ ಸಲ ನಗಲಿಲ್ಲ. “ಗುಂಡು ಎಸೆತ ಇಟ್ರೆ ನನ್ ಹೆಸರು ಬರಿಸು” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಓಟ ಬ್ಯಾಡಪ್ಪ, ಮಂಡಿ ನೋವು.”