ಸತ್ಯಾಂಶ: ಥರ್ಮೋಸ್ಟಾಟ್ ಕಿತ್ತರೆ ಎಂಜಿನ್ ತಣ್ಣಗಿರುತ್ತಾ?

"ಎಂಜಿನ್ ಬದಲಿಸಿದ ಮೇಲೆ ಕಾರು ಹೀಟ್ ಆಗ್ತಿದೆಯಾ? ಥರ್ಮೋಸ್ಟಾಟ್ ಕಿತ್ತು ಬಿಸಾಕಿ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಇದು ತಪ್ಪು ಸಲಹೆ.

ಥರ್ಮೋಸ್ಟಾಟ್ ಒಂದು ಪುಟ್ಟ ವಾಲ್ವ್. ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ನಡುವೆ ತೆರೆದು ಕೂಲೆಂಟನ್ನು (ಎಂಜಿನ್ ತಂಪಾಗಿಸುವ ದ್ರವ) ಅದನ್ನು ತಣ್ಣಗಾಗಿಸುವ ರೇಡಿಯೇಟರ್‌ಗೆ ಬಿಡುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ತೆಗೆದೇಬಿಟ್ಟರೆ ಕೆಲವು ಎಂಜಿನ್‌ಗಳಲ್ಲಿ ಒಂದಷ್ಟು ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಲ್ಲೇ ಸುತ್ತುತ್ತದೆ, ಬಿಸಿ ಇನ್ನೂ ಜಾಸ್ತಿ!

ಮೊದಲು, ಯಾವಾಗ ಹೀಟ್ ಆಗುತ್ತದೆ ನೋಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಏರಿದ ಟೆಂಪರೇಚರ್ ಮೀಟರಿನ ಮುಳ್ಳು, ಗಾಡಿ ಜೋರಾಗಿ ಓಡುವ ನೈಸ್ ರೋಡಿನಲ್ಲಿ ಇಳಿದರೆ ಅನುಮಾನ ಫ್ಯಾನ್ ಮೇಲೆ. ಎಂಜಿನ್ ಬದಲಿಸುವಾಗ ಎಲೆಕ್ಟ್ರಿಕ್ ಫ್ಯಾನಿನ ವೈರ್ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಫ್ಯಾನ್ ಓಡುವಾಗ ಮುಂದಿನ ಗ್ರಿಲ್ ಹತ್ತಿರ ಒಂದು ಹಾಳೆ ಹಿಡಿಯಿರಿ. ಒಳಕ್ಕೆ ಎಳೆದುಕೊಂಡರೆ ಸರಿ. ಹೊರಕ್ಕೆ ತಳ್ಳಿದರೆ ಕಳ್ಳ ಸಿಕ್ಕಿದ, ಅಲ್ವಾ?

ಹೈವೇಯಲ್ಲೇ ಏರಿದರೆ ಹಳೇ ರೇಡಿಯೇಟರ್ ದೊಡ್ಡ ಎಂಜಿನ್‌ಗೆ ಸಾಲದಿರಬಹುದು, ಇಲ್ಲವೇ ಒಳಗೆ ಕಟ್ಟಿಕೊಂಡಿರಬಹುದು. ಮುಳ್ಳು ಮೇಲಿದ್ದೂ ಹೀಟರ್‌ನಲ್ಲಿ ತಣ್ಣನೆ ಗಾಳಿ ಬಂದರೆ ಕೂಲೆಂಟ್ ಕಮ್ಮಿಯಿರಬಹುದು ಅಥವಾ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಎಂಜಿನ್ ಬದಲಿಸಿದ ಗಾಡಿಗಳಲ್ಲಿ ಇದು ಮಾಮೂಲಿ. ಗಾಳಿ ತೆಗೆಸಿ, ಕೂಲೆಂಟ್ ತುಂಬಿಸಿ.

ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಟಲೇಬೇಡಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಹೊತ್ತಿಗೇ ಕುದಿಯುತ್ತದೆ. ಕ್ಯಾಪಿನ ಒತ್ತಡವೇ ಆ ಕುದಿತವನ್ನು ತಡೆದಿಟ್ಟಿರುತ್ತದೆ; ತೆರೆದರೆ ಬಿಸಿ ಕೂಲೆಂಟ್ ಥಟ್ಟನೆ ಕುದಿದು ಚಿಮ್ಮುತ್ತದೆ.