ಹತ್ತಕ್ಕೆ ಎಂಟು

ಮಕ್ಕಳ ಪುಸ್ತಕಗಳ ಬಗ್ಗೆ ದೊಡ್ಡವರು ಬರೆಯುವ ವಿಮರ್ಶೆಗಳಲ್ಲಿ ಕಲ್ಪನಾಶಕ್ತಿ, ಮೌಲ್ಯ, ಶೈಲಿ ಎಂಬ ಮಾತುಗಳು ತಪ್ಪದೆ ಬರುತ್ತವೆ. ಪುಸ್ತಕ ಓದಬೇಕಾದ ಮಗು ಮಾತ್ರ ಅಲ್ಲಿ ಎಲ್ಲಿಯೂ ಕಾಣುವುದಿಲ್ಲ. ಹ್ಯಾರಿ ಪಾಟರ್ ಎಂಬ ಮಾಂತ್ರಿಕ ಹುಡುಗನ ಮೊದಲ ಕಾದಂಬರಿ ಬೆಳಕು ಕಂಡದ್ದರಲ್ಲಾದರೋ ಒಂದು ಮಗುವಿನ ಮಾತಿಗೂ ಪಾಲಿದೆ. ಹಲವು ಪ್ರಕಾಶಕರು ಒಲ್ಲೆವೆಂದು ಮರಳಿಸಿದ್ದ ಹಸ್ತಪ್ರತಿಯ ಮೊದಲ ಅಧ್ಯಾಯವನ್ನು ಲಂಡನ್ನಿನ ಬ್ಲೂಮ್ಸ್‌ಬರಿ ಸಂಸ್ಥೆಯ ಮುಖ್ಯಸ್ಥರು ತಮ್ಮ ಎಂಟು ವರ್ಷದ ಮಗಳ ಕೈಗೆ ಕೊಟ್ಟರಂತೆ. ಅವಳು ಓದಿ ಮುಗಿಸಿ, ಮುಂದಿನದು ಎಲ್ಲಿ ಎಂದು ಬೆನ್ನು ಹತ್ತಿದಳಂತೆ. ಪುಸ್ತಕ 1997ರ ಜೂನ್‌ನಲ್ಲಿ ಹೊರಬಂತು.

ಬೀದರಿನಲ್ಲಿರುವ ನನ್ನ ಅಕ್ಕನ ಮಗಳು ಅದನ್ನು ಈ ಬೇಸಿಗೆಯ ರಜೆಯಲ್ಲಿ ಓದಿದಳು. ಅಭಿಪ್ರಾಯ ಕೇಳಿದರೆ ಚೆನ್ನಾಗಿದೆ ಎಂದು ಹೇಳಿ ಆಡಲು ಓಡುವ ಜಾತಿಯವಳಲ್ಲ. ಪೊರಕೆಯ ಮೇಲೆ ಕುಳಿತು ಹಾರುವುದು, ಗೂಬೆಗಳು ಟಪಾಲು ತರುವುದು, ಹಳೆಯ ಟೋಪಿಯೊಂದು ಮಾತಾಡಿ ಮಕ್ಕಳನ್ನು ನಾಲ್ಕು ಪಂಗಡಗಳಿಗೆ ಹಂಚುವುದು, ಇವುಗಳ ಬಗ್ಗೆ ಅವಳ ತಕರಾರಿಲ್ಲ. ಮಾಂತ್ರಿಕರೆಂದ ಮೇಲೆ ಅಷ್ಟೂ ಬಾರದಿದ್ದರೆ ಹೇಗೆ? ತಕರಾರು ಇರುವುದು ಊಟದ ವಿಚಾರದಲ್ಲಿ. ಹ್ಯಾರಿ ಓದುವ ಮಾಂತ್ರಿಕರ ವಸತಿಶಾಲೆಯ ಊಟದ ಮನೆಯಲ್ಲಿ ಬಂಗಾರದ ತಾಟುಗಳು ತಾವಾಗಿ ತುಂಬಿಕೊಳ್ಳುತ್ತವೆ, ಉಂಡಾದ ಮೇಲೆ ತಾವಾಗಿ ಲಕಲಕ ಹೊಳೆಯುತ್ತವೆ.

“ಮಾಮಾ, ಅಡಿಗಿ ಯಾರ್ ಮಾಡ್ತಾರ? ಭಾಂಡಿ ಯಾರ್ ತಿಕ್ತಾರ?”

ಅವಳು ಹೀಗೆ ಕೇಳುವಾಗ ಒಳಗೆ ಅಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದು ಕೈ ರೊಟ್ಟಿಯನ್ನು ತಿರುಗಿಸುತ್ತ, ಇನ್ನೊಂದು ಕೈ ಅದರ ಅಂಚನ್ನು ತೆಳ್ಳಗೆ ಮಾಡುತ್ತ, ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಅರಿವೆಯಿಂದ ನೀರು ಸವರುತ್ತ ನಡೆದಿತ್ತು ಆ ಕೆಲಸ. ಒಳಗಿನಿಂದಲೇ ಅಕ್ಕ, “ನನ್ನೂ ಆ ಸಾಲಿಗಿ ಹಚ್ಚೋ ತಮ್ಮಾ” ಎಂದಳು. ನಾಲ್ಕನೆಯ ಪುಸ್ತಕದಲ್ಲಿ ನೆಲಮಾಳಿಗೆಯ ಅಡುಗೆಮನೆಯೂ ಸಂಬಳವಿಲ್ಲದೆ ದುಡಿಯುವ ಪುಟ್ಟ ಜೀವಿಗಳೂ ಬರುತ್ತವೆಂದು ನನಗೆ ಗೊತ್ತಿತ್ತು. ತಾಯಿಯ ಎದುರಿಗೆ ಆ ಮಾತು ಎತ್ತುವುದು ಕ್ಷೇಮವಲ್ಲವೆಂದು ಸುಮ್ಮನಿದ್ದೆ.

ವಸತಿಶಾಲೆ ಅವಳಿಗೆ ಹೊಸದೂ ಅಲ್ಲ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಅವಳ ಊರಿನಲ್ಲಿಯೇ ಇದೆ. 1696ರಲ್ಲಿ ಮದ್ದು ಸಿಡಿದು ಒಂದು ಭಾಗ ಕುಸಿದು ಹೋಗಿದ್ದರೂ, ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಅಂಟಿಕೊಂಡಿವೆ. ಮೂರು ಅಂತಸ್ತುಗಳ ಕೋಣೆಗಳನ್ನು ನೋಡಿದರೆ ಯಾವ ಮಾಂತ್ರಿಕರ ಕೋಟೆಗೂ ಅದು ಕಡಿಮೆಯಲ್ಲ. ಅಲ್ಲಿ ಓದುವವರಿಗೆ ಊಟ, ವಸತಿ ಪುಕ್ಕಟೆ ಇತ್ತೆಂದು ಹೇಳುತ್ತಾರೆ. ಇಂಗ್ಲಿಷ್ ಮಾಂತ್ರಿಕರೋ, ಹನ್ನೊಂದು ವರ್ಷದ ಹುಡುಗನಿಂದ ಪುಸ್ತಕ, ಕೊಪ್ಪರಿಗೆ, ನಿಲುವಂಗಿ, ಮಂತ್ರದಂಡ ಎಲ್ಲವನ್ನೂ ಅವನ ದುಡ್ಡಿನಲ್ಲಿಯೇ ತರಿಸುತ್ತಾರೆ. ಈ ವಿಷಯದಲ್ಲಿ ಅವಳು ಗವಾನನ ಪಕ್ಷ.

ಮಾಂತ್ರಿಕರ ದುಡ್ಡಿನ ಲೆಕ್ಕ ಮಾತ್ರ ಅವಳಿಗೆ ಬಹಳ ಹಿಡಿಸಿದೆ. ಒಂದು ಗ್ಯಾಲಿಯನ್‌ಗೆ 17 ಸಿಕಲ್, ಒಂದು ಸಿಕಲ್‌ಗೆ 29 ನಟ್. ಹಾಗಾದರೆ ಏಳು ಗ್ಯಾಲಿಯನ್ ಬೆಲೆಯ ಮಂತ್ರದಂಡಕ್ಕೆ ಎಷ್ಟು ನಟ್ ಎಂದು ಮನೆಗೆ ಬಂದವರನ್ನೆಲ್ಲ ಕೇಳುತ್ತಾಳೆ. ಉತ್ತರ 3,451, ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಇಂಥ ವಿಚಿತ್ರ ನಾಣ್ಯ ಎಲ್ಲಿಯಾದರೂ ಉಂಟೇ ಎಂದು ನಾವು ನಗುವಷ್ಟರಲ್ಲಿ ಅವಳ ಅಜ್ಜ ಮಧ್ಯೆ ಬಾಯಿ ಹಾಕಿ, ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಅದರ ಮೇಲೆ ಸುಮಾರು ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಬ್ರಿಟಿಷರ ರೂಪಾಯಿ, ಎಂಬ ಲೆಕ್ಕವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಮೊಮ್ಮಗಳು ಅವರನ್ನು ಮಾಂತ್ರಿಕರ ಬ್ಯಾಂಕಿನಿಂದ ನಿವೃತ್ತರಾದವರಂತೆ ನೋಡಿದಳು.

ಅವಳ ನಿಜವಾದ ಸಿಟ್ಟು ಕೊನೆಯ ಅಧ್ಯಾಯದ ಮೇಲೆ. ವರ್ಷಾಂತ್ಯದ ಅಂಕಗಳ ಪ್ರಕಾರ ಸ್ಲಿಥರಿನ್ ಪಂಗಡಕ್ಕೆ 472, ಹ್ಯಾರಿಯ ಗ್ರಿಫಿಂಡಾರ್‌ಗೆ 312. ಗೆದ್ದವರ ಹಸಿರು ಬಣ್ಣದಲ್ಲಿ ಸಭಾಂಗಣವನ್ನು ಸಿಂಗರಿಸಿಯೂ ಆಗಿದೆ. ಆಗ ಮುಖ್ಯ ಗುರುಗಳು ಎದ್ದು ನಿಂತು ಹ್ಯಾರಿಯ ಗೆಳೆಯರಾದ ರಾನ್‌ಗೆ 50, ಹರ್ಮಾಯಿನಿಗೆ 50, ಹ್ಯಾರಿಗೆ 60 ಕೊಟ್ಟು ಸಮ ಮಾಡಿ, ಕಡೆಗೆ ನೆವಿಲ್‌ನ ಹೆಸರಿಗೆ ಹತ್ತು ಸೇರಿಸಿ ಫಲಿತಾಂಶವನ್ನೇ ಮಗುಚಿ ಹಾಕುತ್ತಾರೆ. ನಾವು ದೊಡ್ಡವರು ಈ ದೃಶ್ಯಕ್ಕೆ ಕಣ್ಣೊರೆಸಿಕೊಳ್ಳುತ್ತೇವೆ. ಅವಳು ಒಪ್ಪಲಿಲ್ಲ. ಕೊಡುವುದಿದ್ದರೆ ಹಿಂದಿನ ದಿನವೇ ಕೊಡಬೇಕಿತ್ತು, ಗೆದ್ದೆವೆಂದು ಕುಳಿತವರ ಮುಂದೆ ಹೀಗೆ ಮಾಡುವುದು ಮೋಸ, ಆ ಹಸಿರು ಪಂಗಡದಲ್ಲಿಯೂ ಸಣ್ಣ ಹುಡುಗರು ಇರುತ್ತಾರಲ್ಲ ಎಂದಳು. ಅವರ ಪರವಾಗಿ ಮಾತಾಡಿದ ವಿಮರ್ಶಕರನ್ನು ನಾನಂತೂ ಕಂಡಿಲ್ಲ.

ಆ ಹತ್ತು ಅಂಕಗಳಿಗೆ ಮಾತ್ರ ಅವಳ ಪೂರ್ಣ ಸಮ್ಮತಿಯಿದೆ. ಸದಾ ವಸ್ತು ಕಳೆದುಕೊಳ್ಳುವ, ಎಲ್ಲರಿಂದ ನಗಿಸಿಕೊಳ್ಳುವ ನೆವಿಲ್ ಒಂದು ರಾತ್ರಿ ಸ್ವಂತ ಗೆಳೆಯರಿಗೇ ಅಡ್ಡ ನಿಂತನಲ್ಲ, ಅದು ಹ್ಯಾರಿಯ ಸಾಹಸಕ್ಕಿಂತ ಕಷ್ಟದ್ದು ಎಂಬುದು ಅವಳ ವಾದ.

ಪುಸ್ತಕಕ್ಕೆ ಎಷ್ಟು ಅಂಕ ಎಂದೆ. ಹತ್ತಕ್ಕೆ ಎಂಟು, ಎರಡನ್ನು ಮುಖ್ಯ ಗುರುಗಳ ಪಕ್ಷಪಾತಕ್ಕಾಗಿ ಕಡಿದಿದ್ದಳು. “ಮತ್ತ ಗ್ರಿಫಿಂಡಾರ್ ಗೆದ್ದದ್ದು ನಿನಗ ಖುಷಿ ಆಗಲಿಲ್ಲೇನು?” ಎಂದು ಕೇಳಿದೆ.

“ಆಯ್ತು ಮಾಮಾ. ಅದು ಬ್ಯಾರೆ, ಇದು ಬ್ಯಾರೆ.”