ಮೊದಲು ಉಸಿರು ಬಿಡೋದನ್ನು ಕಲಿಸಿ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾದವು. ಇಲ್ಲೇ ಹಾಸನದ ಒಂದು ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಾಗಿಯೇ ಇತ್ತು. "ಟೆನ್ಷನ್ ಕಣಮ್ಮ, ಯೋಗ ಮಾಡಿ" ಅಂದರು ಡಾಕ್ಟರು.

ಒಂದು ಶಿಬಿರಕ್ಕೆ ಸೇರಿದೆ. ಮೊದಲ ದಿನವೇ ಕಪಾಲಭಾತಿ. ಹೊಟ್ಟೆ ಒಳಗೆಳೆದು ಪಟಪಟ ಉಸಿರು ಹೊರಗೆ ತಳ್ಳಬೇಕು. ಜೋರಾಗಿ, ಇನ್ನೂ ಜೋರಾಗಿ! ಎರಡು ನಿಮಿಷದಲ್ಲಿ ಬೆರಳ ತುದಿ ಜುಮ್ಮೆಂದಿತು, ತಲೆ ಸುತ್ತಿತು. ಆಸ್ಪತ್ರೆಗೆ ಓಡಿದ ರಾತ್ರಿಯ ಭಯವೇ ವಾಪಸ್ ಬಂತು. ಚಾಪೆ ಸುತ್ತಿಕೊಂಡು ಮನೆಗೆ ಬಂದು ಅತ್ತುಬಿಟ್ಟೆ.

ತಪ್ಪು ನನ್ನದಲ್ಲ ಅಂತ ಆಮೇಲೆ ತಿಳಿಯಿತು. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ಜುಮುಜುಮು, ತಲೆಸುತ್ತು ಎಲ್ಲ ಅದರಿಂದಲೇ. ಗಾಬರಿಯಾದಾಗ ನಾವು ಉಸಿರಾಡೋದೂ ಹೀಗೇ ಅಲ್ವಾ? ಮೊದಲೇ ಗಾಬರಿಯಲ್ಲಿರುವವರಿಗೆ ಅದನ್ನೇ ಇನ್ನಷ್ಟು ಮಾಡಿಸಿದರೆ ಹೇಗೆ? ಹಠಯೋಗ ಪ್ರದೀಪಿಕೆ ಅನ್ನೋ ಹಳೆಯ ಯೋಗಗ್ರಂಥದಲ್ಲೂ ಕಪಾಲಭಾತಿ ಪ್ರಾಣಾಯಾಮಗಳ ಸಾಲಿನಲ್ಲಿಲ್ಲ. ಧೌತಿ, ನೇತಿಯ ಜೊತೆ ಶುದ್ಧಿಕ್ರಿಯೆಗಳಲ್ಲಿದೆ. ಬಿಪಿ ಜಾಸ್ತಿ ಇರುವವರು, ಬಸುರಿಯರು ಅದನ್ನು ಮಾಡಲೇಬಾರದು. ಇದನ್ನು ಮೈಕಿನಲ್ಲಿ ಒಂದು ಸಲವಾದರೂ ಹೇಳಬೇಕಿತ್ತು.

ನನಗೆ ದಾರಿ ತೋರಿಸಿದವರು ನಮ್ಮ ಬೀದಿಯ ರಿಟೈರ್ಡ್ ಟೀಚರಮ್ಮ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದರು. "ನಾಲ್ಕು ಎಣಿಸ್ತಾ ತಗೋ, ಆರು ಎಣಿಸ್ತಾ ಬಿಡು. ತಡೆದು ಹಿಡೀಬೇಡ." ಅಷ್ಟೇ. ಒಂದು ಎಣಿಕೆಗೆ ಒಂದು ಸೆಕೆಂಡು ಅಂದರೂ ಒಂದು ಉಸಿರಿಗೆ 10 ಸೆಕೆಂಡು, ನಿಮಿಷಕ್ಕೆ 6 ಉಸಿರು. ಸುಮ್ನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ.

ಆಮೇಲೆ ನನ್ನ ಕೈಯನ್ನೇ ನನ್ನ ಮಣಿಕಟ್ಟಿನ ಮೇಲಿಡಿಸಿ, ನಾಡಿ ನೋಡ್ಕೋ ಅಂದರು. ಉಸಿರು ಎಳೆದಾಗ ಬಡಿತ ಸ್ವಲ್ಪ ಚುರುಕಾಯಿತು. ನಿಧಾನವಾಗಿ ಬಿಡುತ್ತಾ ಹೋದಂತೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ಅಂತರ ಜಾಸ್ತಿಯಾಯಿತು. ನನ್ನ ಬೆರಳಿಗೇ ಗೊತ್ತಾಯಿತು! ಮಿದುಳಿನಿಂದ ಎದೆ, ಹೊಟ್ಟೆವರೆಗೂ ಇಳಿಯುವ ವೇಗಸ್ ನರದ ಕೆಲಸ ಅದು. ಹೃದಯಕ್ಕೆ ನಿಧಾನ ಅಂತ ಹೇಳುವ ನರ. ಉಸಿರು ಬಿಡುವಾಗ ಅದರ ಮಾತು ಜೋರು.

ನಮ್ಮೂರಿಗೆ ಯೋಗ ಹೊಸದೇನಲ್ಲ. ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರು ಹುಟ್ಟಿದ್ದು ಪಕ್ಕದ ಕೌಶಿಕದಲ್ಲಿ, 1915ರಲ್ಲಿ. ಅವರು 1927ರಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿ ಮರುಳಾಗಿದ್ದು ಇದೇ ಹಾಸನದಲ್ಲಿ. ಇಂಥ ಊರಿನ ಯೋಗ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಜೂನ್ 21ರ ಯೋಗ ದಿನದಂದು ಮೈದಾನಕ್ಕೆ ಬರುವವರಲ್ಲಿ ನಿದ್ದೆಗೆಟ್ಟವರು, ಸಾಲದ ಚಿಂತೆಯವರು ಎಷ್ಟೋ ಜನ ಇರುತ್ತಾರೆ. ಅವರಿಗೆ ಮೊದಲು ಐದು ನಿಮಿಷ ಈ ನಿಧಾನದ ಉಸಿರು ಕಲಿಸಿ. ವೇಗದ್ದು ಆಮೇಲೆ ನೋಡೋಣ. ಮಾತ್ರೆ ನಿಲ್ಲಿಸಿ ಅಂತ ಮಾತ್ರ ಯಾರಿಗೂ ಹೇಳಬೇಡಿ.

ಸಕಲೇಶಪುರದ ಕಡೆ ನಮ್ಮಣ್ಣನಿಗೆ ಕಾಫಿ ತೋಟ ಇದೆ. ಆನೆ ಇಳಿದಿದೆ ಅಂತ ವಾಟ್ಸಾಪಿನಲ್ಲಿ ಬಂದರೆ ಅವನಿಗೆ ಬೆಳಗಿನವರೆಗೂ ನಿದ್ದೆ ಇಲ್ಲ. ಹೋದ ತಿಂಗಳು ಹೋಗಿ ಹೇಳಿಕೊಟ್ಟೆ. "ಉಸಿರಾಡೋದು ಹೇಳಿಕೊಡೋಕೆ ಬಸ್ ಹತ್ಕೊಂಡು ಬಂದ್ಯೇನೇ?" ಅಂದ. ಆನೆ ಇದರಿಂದ ವಾಪಸ್ ಹೋಗಲ್ಲ, ನನಗೂ ಗೊತ್ತು. ಅದು ಹೋದ ಮೇಲಾದರೂ ಇವನು ಮಲಗಬೇಕಲ್ಲ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವನೇ ಫೋನ್ ಮಾಡಿದ.

"ಆರರವರೆಗೆ ಬಿಡೋಕೆ ಆಗ್ತಿಲ್ಲ ಕಣೇ. ಐದಕ್ಕೇ ಖಾಲಿಯಾಗುತ್ತೆ."

"ಐದೇ ಸಾಕು ಅಣ್ಣ. ಎಳೆದಾಡ್ಬೇಡ."